ಬಲಗಾಲಿಯ ಒಳಪ್ಯಾಡು

ನಲವತ್ತು ವರ್ಷ ಗಾಡಿಗಳ ಕೆಳಗೆ ಮಲಗಿದವನು ನಾನು. ಈಗ ಎರಡು ವರ್ಷದಿಂದ ಮಂಚದ ಮೇಲೆ ಮಲಗುತ್ತಿದ್ದೇನೆ. ಅಷ್ಟು ಒಳ್ಳೆಯ ನಿದ್ದೆ ಬರುತ್ತಿಲ್ಲ. ಸೇಡಂನಲ್ಲಿ ನನ್ನ ಗ್ಯಾರೇಜಿನ ಶಟರ್ ಕೊನೆಯ ಸಲ ಎಳೆದ ದಿನ ನನ್ನ ಹೆಂಡತಿ, ಇನ್ನು ಮುಂದೆ ಟವೆಲ್ಲಿಗೆ ಗ್ರೀಸ್ ಹತ್ತುವುದಿಲ್ಲವಲ್ಲ ಎಂದು ಸಮಾಧಾನಪಟ್ಟಳು. ಆದರೆ ಹೊಸದಾಗಿ ಈ ಕೆಲಸಕ್ಕೆ ಇಳಿದವರು ಸಂಜೆ ಹೊತ್ತು ಬಂದು ಕಟ್ಟೆಯ ಮೇಲೆ ಕೂರುತ್ತಾರೆ. "ಕಾಕಾ, ನಿಮ್ಮ ಕಾಲದಾಗಿಂದು ಏನಾರ ಹೇಳ್ರಿ" ಎನ್ನುತ್ತಾರೆ. ಸತ್ತ ಎಂಜಿನ್ನಿಗೆ ನಾನು ಜೀವ ಬರಿಸಿದ ಕಥೆ ಅವರಿಗೆ ಬೇಕು. ಅಂಥವು ನನ್ನ ಹತ್ತಿರ ಬೇಕಾದಷ್ಟಿವೆ, ಅರ್ಧಕ್ಕರ್ಧ ಸುಳ್ಳು. ನಿಜ ಹೇಳಬೇಕೆಂದರೆ ಈ ಕಸುಬಿನಲ್ಲಿ ನಾನು ಕಲಿತದ್ದೆಲ್ಲ ಅಂಗೈಯಗಲದ ಬ್ರೇಕ್ ಪ್ಯಾಡಿನಿಂದ, ಅದೂ ನಾಲ್ಕು ಜನರ ಮುಂದೆ ಮರ್ಯಾದೆ ಕಳೆದುಕೊಂಡು. ಅದನ್ನೇ ಬರೆದಿಡುತ್ತೇನೆ.

ಕೆಲಸ ಕಲಿತದ್ದು ಶಹಾಬಾದಿನಲ್ಲಿ, ಹುಸೇನ್ ಉಸ್ತಾದರ ಕೈಕೆಳಗೆ. ಅವರ ಶೆಡ್ಡಿನ ಎದುರಿಗೇ ಫರಸಿ ಕಲ್ಲಿನ ವ್ಯಾಪಾರ. ಕೊಯ್ದ ಹಾಸುಗಲ್ಲುಗಳನ್ನು ಒಂದಕ್ಕೊಂದು ಒರಗಿಸಿ ಸಾಲಾಗಿ ನಿಲ್ಲಿಸಿರುತ್ತಿದ್ದರು. ಆಗ ಹೆಚ್ಚಿನ ಗಾಡಿಗಳಿಗೆ ನಾಲ್ಕೂ ಗಾಲಿಗೆ ಡ್ರಮ್ ಬ್ರೇಕು. ಮುಂದಿನ ಗಾಲಿಗೆ ಡಿಸ್ಕ್ ಇದ್ದ ಗಾಡಿ ಬಂದರೆ ನಾವು ಮದುಮಗಳನ್ನು ನೋಡುವವರ ಹಾಗೆ ಸುತ್ತ ನಿಲ್ಲುತ್ತಿದ್ದೆವು. ಡಿಸ್ಕ್ ಅಂದರೆ ಗಾಲಿಯ ಜೊತೆ ತಿರುಗುವ ಒಂದು ಕಬ್ಬಿಣದ ತಟ್ಟೆ. ಅದನ್ನು ಒಳಗಿನಿಂದ ಒಂದು ಪ್ಯಾಡು, ಹೊರಗಿನಿಂದ ಒಂದು ಪ್ಯಾಡು ಇಕ್ಕಳದ ಹಾಗೆ ಅಮುಕಿ ಹಿಡಿದರೆ ಗಾಡಿ ನಿಲ್ಲುತ್ತದೆ. ಹಿಡಿಯುವ ಈ ಸಾಧನಕ್ಕೆ ಕ್ಯಾಲಿಪರ್ ಅನ್ನುತ್ತಾರೆ. ಬ್ರೇಕಿನ ವಿದ್ಯೆ ಇಷ್ಟೇ, ಉಳಿದದ್ದೆಲ್ಲ ಗಿರಾಕಿಗೆ ಕೊಡುವ ಬಿಲ್ಲು.

ನಾನು ಸ್ವಂತ ಕೈಯಿಂದ ಮೊದಲ ಸಲ ಪ್ಯಾಡು ಬದಲಿಸಿದ್ದು ಒಬ್ಬ ಗುತ್ತಿಗೆದಾರರ ಕಾರಿಗೆ. ಹೊಸ ಪ್ಯಾಡು ದಪ್ಪ ಇರುತ್ತದೆ, ಅದು ಕೂರಬೇಕಾದರೆ ಕ್ಯಾಲಿಪರಿನ ಪಿಸ್ಟನ್ನನ್ನು ಹಿಂದಕ್ಕೆ ಒತ್ತಬೇಕು. ಒತ್ತಿದೆ. ಪ್ಯಾಡು ಕೂರಿಸಿದೆ, ಗಾಲಿ ಹಾಕಿದೆ, ನಟ್ಟು ಬಿಗಿದೆ, ಕೈ ಒರೆಸಿಕೊಂಡು ಗಾಡಿ ಹೊರಗೆ ತೆಗೆದೆ. ಹಿಂದಕ್ಕೆ ಒತ್ತಿದ ಪಿಸ್ಟನ್ ತಾನಾಗಿ ವಾಪಸ್ ಬರುವುದಿಲ್ಲ, ಹೊರಡುವ ಮೊದಲು ನಿಂತಲ್ಲೇ ಪೆಡಲ್ ನಾಲ್ಕೈದು ಸಲ ಒತ್ತಿ ಕರೆಯಬೇಕು ಎಂಬುದು ಮರೆತಿತ್ತು. ರಸ್ತೆಗೆ ಬಂದು ಬ್ರೇಕ್ ಒತ್ತಿದರೆ ಪೆಡಲ್ ಸೀದಾ ನೆಲಕ್ಕೆ ಹೋಯಿತು. ಕಾರು ಏನೂ ಅವಸರವಿಲ್ಲದೆ ರಸ್ತೆ ದಾಟಿ ಫರಸಿ ಕಲ್ಲಿನ ಸಾಲಿಗೆ ಹೋಗಿ ಒರಗಿತು. ಕಲ್ಲುಗಳು ಒಂದರ ಮೇಲೊಂದು ಮಲಗಿದವು.

ಉಸ್ತಾದರು ಬಂದು ಬಾಗಿ ಕಿಟಕಿಯಲ್ಲಿ ಮುಖ ಇಟ್ಟರು. "ಶರಣಪ್ಪ, ಕಲ್ಲು ನಿಂತಿದ್ವು. ನೀನೇ ಹೋದಿ" ಎಂದರು. ಬೈಯಲಿಲ್ಲ. ಆದರೆ ಮರುದಿನದಿಂದ ಒಂದು ತಿಂಗಳು ಪ್ರತಿ ಬೆಳಿಗ್ಗೆ ಚಹಾಕ್ಕೆ ಮೊದಲು, ನಿಂತ ಗಾಡಿಯಲ್ಲಿ ಕೂತು ಐವತ್ತು ಸಲ ಬ್ರೇಕ್ ಒತ್ತುವ ಶಿಕ್ಷೆ ಕೊಟ್ಟರು. ಎದುರಿನ ಕಲ್ಲಿನ ವ್ಯಾಪಾರಿ ಚಹಾ ಕುಡಿಯುತ್ತ ಗಟ್ಟಿಯಾಗಿ ಎಣಿಸುತ್ತಿದ್ದ. ನಲವತ್ತಕ್ಕೆ ಬಂದಾಗ ಬೇಕೆಂದೇ ತಪ್ಪಿ ಮತ್ತೆ ಮೂವತ್ತರಿಂದ ಶುರು ಮಾಡುತ್ತಿದ್ದ.

ಉಸ್ತಾದರ ಇನ್ನೊಂದು ಕಟ್ಟಳೆ ಇತ್ತು. ಎಡಗಾಲಿ ಸದ್ದು ಮಾಡಲಿ, ಬಲಗಾಲಿ ಸದ್ದು ಮಾಡಲಿ, ಮುಂದಿನ ಎರಡೂ ಗಾಲಿ ಬಿಚ್ಚಬೇಕು. ನಾಲ್ಕೂ ಪ್ಯಾಡನ್ನು ಹಳೆಯ ಪೇಪರಿನ ಮೇಲೆ ಸಾಲಾಗಿ ಇಡಬೇಕು. "ಮೊದಲ ಅವು ಮಾತಾಡ್ಲಿ, ಆಮ್ಯಾಲ ನೀ ಮಾತಾಡು" ಎನ್ನುತ್ತಿದ್ದರು. ನಾಲ್ಕೂ ಸಮನಾಗಿ ಬೇಗ ಸವೆದಿದ್ದರೆ ಡ್ರೈವರನ ಕಾಲು ಸದಾ ಬ್ರೇಕಿನ ಮೇಲಿದೆ ಎಂದು ಅರ್ಥ. ಯಾಕೆಂದರೆ ಕಾಲು ಒತ್ತುವುದು ಒಂದೇ ಪೆಡಲು, ಅದು ಎರಡೂ ಗಾಲಿಗೆ ಸಮನಾಗಿ ಹೋಗುತ್ತದೆ. ಒಂದೇ ಗಾಲಿಯ ಒಳಪ್ಯಾಡು ಮಾತ್ರ ತೆಳ್ಳಗಾಗಿ ಹೊರಗಿನದು ಹೊಸದರ ಹಾಗೇ ಇದ್ದರೆ ಕ್ಯಾಲಿಪರ್ ಜಾರುವ ಪಿನ್ನು ಹಿಡಿದುಕೊಂಡಿದೆ ಎಂದರ್ಥ. ಹೊರಗಿನ ಪ್ಯಾಡನ್ನು ಎಳೆದು ತರಬೇಕಾದ ಕ್ಯಾಲಿಪರ್ ಜರುಗುವುದೇ ಇಲ್ಲ, ಆ ಗಾಲಿಯ ಭಾರವನ್ನೆಲ್ಲ ಒಳಗಿನದು ಒಂದೇ ತಿನ್ನುತ್ತದೆ. ಪ್ಯಾಡು ಓರೆಯಾಗಿ ಸವೆದರೆ ಅದು ತನ್ನ ಚೌಕಟ್ಟಿನಲ್ಲಿ ಸಿಕ್ಕಿಬಿದ್ದಿದೆ. ಇಷ್ಟನ್ನು ನಾನು ಇಪ್ಪತ್ತೆರಡನೇ ವಯಸ್ಸಿಗೇ ಬಾಯಿಪಾಠ ಮಾಡಿದ್ದೆ. ಐವತ್ತೈದು ದಾಟಿದ ಮೇಲೆ ಒಂದು ಮಧ್ಯಾಹ್ನ ಹೊಟ್ಟೆ ಹಸಿದಾಗ ಮರೆತೆ.

ಸೇಡಂನಲ್ಲಿ ದಾಲ್‌ಮಿಲ್ಲಿನ ಚನ್ನಬಸಪ್ಪ ಸಾವಕಾರರದು ಒಂದು ಬಿಳಿ ಕಾರು. ಓಡಿಸುವವನು ಖಾಜಾ, ಎಂಟು ವರ್ಷದಿಂದ ಅವರಲ್ಲೇ ಇದ್ದವನು. ತೊಗರಿ ಖರೀದಿಗೆ ಚಿಂಚೋಳಿ, ನಮ್ಮ ತಾಲ್ಲೂಕಿನ ಮುಧೋಳ. ಬೀಗರ ಮನೆಗೆ ಚಿತ್ತಾಪುರ. ಲೋಡಿನ ಕೆಲಸಕ್ಕೆ ವಾಡಿ. ವಾರವಿಡೀ ತಿರುಗುವ ಗಾಡಿ. ಅದರ ಬಲಗಡೆಯ ಮುಂದಿನ ಗಾಲಿ ಕಿರುಗುಟ್ಟುತ್ತ ಬಂತು. ಒಳಪ್ಯಾಡು ಸವೆದು ಕಬ್ಬಿಣ ಕಾಣುತ್ತಿತ್ತು. ಹಾಕಿ ಐದು ತಿಂಗಳೂ ಆಗಿರಲಿಲ್ಲ. ಹೊಸದು ಹಾಕಿ ಕಳಿಸಿದೆ. ನಾಲ್ಕು ತಿಂಗಳಿಗೆ ಮತ್ತೆ ಬಂತು, ಅದೇ ಗಾಲಿ, ಅದೇ ಒಳಪ್ಯಾಡು. ಸಾವಕಾರರು ಕಲಬುರಗಿಯಲ್ಲಿ ಯಾರಿಂದಲೋ ಕಂಪ್ಯೂಟರ್ ಹಚ್ಚಿಸಿ ನೋಡಿಸಿದರಂತೆ. ಅದು ಎಲ್ಲಾ ಸರಿ ಇದೆ ಎಂದು ಹಸಿರು ದೀಪ ತೋರಿಸಿತಂತೆ.

ಮೂರನೇ ಸಲ ಸಾವಕಾರರೇ ಗಾಡಿಯ ಜೊತೆ ಬಂದು ನನ್ನ ತಲೆಯ ಮೇಲೆ ನಿಂತರು. "ಏನ್ರಿ ಮಿಸ್ತ್ರಿ, ಯಾಕ ಹಿಂಗ ಆಗ್ಲಕತ್ತದ? ಏನಾರ ಒಂದು ಕಾರಣ ಇರಬೇಕಲ್ಲ?" ಎಂದರು. ಮನೆಯಿಂದ ಊಟಕ್ಕೆ ಎರಡು ಸಲ ಫೋನ್ ಬಂದಿತ್ತು. ಎಡಗಾಲಿ ಬಿಚ್ಚುವ ಮನಸ್ಸಾಗಲಿಲ್ಲ. ಕಾರಣ ಗೊತ್ತಿಲ್ಲ ಎಂದರೆ ನನ್ನ ಹೆಸರಿಗೆ ಕುಂದು. ನಮ್ಮ ಕಸುಬಿನವರಿಗೆಲ್ಲ ಇಂಥ ಹೊತ್ತಿಗೆಂದೇ ಒಂದು ಉತ್ತರ ಸಿದ್ಧ ಇರುತ್ತದೆ. ಅದನ್ನೇ ಹೇಳಿದೆ.

"ಡ್ರೈವರ್ ಕಾಲು ಬ್ರೇಕ್ ಮ್ಯಾಲೇ ಇಟ್ಟಿರ್ತಾನ್ರಿ."

ಖಾಜಾ ಎರಡು ಮಾರು ದೂರದಲ್ಲಿ ನಿಂತಿದ್ದ. ಹೊಸ ಪ್ಯಾಡು ಬರುವವರೆಗೆ ಹಳೆಯದೇ ಇರಲಿ ಎಂದು ಗಾಲಿ ಕೂರಿಸಿ ಅವನ ಕೈಗೆ ಚಾವಿ ಕೊಟ್ಟೆ.

ಎರಡು ದಿನ ಬಿಟ್ಟು ಅವನೊಬ್ಬನೇ ಬಂದ. ತಿಂಗಳು ತುಂಬಿದ ಮೇಲೆ ಬೇರೆ ಕೆಲಸ ನೋಡಿಕೋ ಎಂದು ಸಾವಕಾರರು ಹೇಳಿದ್ದರಂತೆ. ಕೆಲಸ ಹೋಗುವುದಕ್ಕಿಂತ ಕೆಟ್ಟ ಸಂಗತಿ ಇನ್ನೊಂದಿತ್ತು. ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಅವನಿಗೆ 'ಬ್ರೇಕ್ ತಿನ್ನೋ ಖಾಜಾ' ಎಂದು ಹೆಸರು ಬಿದ್ದಿತ್ತು. ಸೇಡಂನಲ್ಲಿ ಬಿದ್ದ ಹೆಸರು ಚಿತ್ತಾಪುರ ಮುಟ್ಟಲು ಬಸ್ಸಿಗೆ ಕಾಯುವುದಿಲ್ಲ. ಆ ಹೆಸರು ಹೊತ್ತವನ ಕೈಗೆ ಯಾವ ಊರಿನ ಮಾಲೀಕನೂ ಚಾವಿ ಕೊಡುವುದಿಲ್ಲ. ಅವನಿಗೆ ಬೇರೆ ಕಸುಬು ಬರುತ್ತಿರಲಿಲ್ಲ, ನಲವತ್ತಾರು ವಯಸ್ಸು.

ಬೇಡಿಕೊಳ್ಳಲು ಬಂದಿರಬೇಕು ಎಂದುಕೊಂಡೆ. ಅವನು ಒಂದೇ ಪ್ರಶ್ನೆ ಕೇಳಿದ. "ಮಿಸ್ತ್ರಿ, ನನ್ನ ಕಾಲಿಂದೇ ತಪ್ಪಿದ್ರ ಎಡಗಾಲಿ ಪ್ಯಾಡ್ ಭಿ ಸವೀಬೇಕಲ್ಲ? ಅದ್ಯಾಕ ಸವ್ದಿಲ್ಲ?"

ಹುಸೇನ್ ಉಸ್ತಾದರು ತೀರಿಹೋಗಿ ಹತ್ತು ವರ್ಷವಾಗಿತ್ತು. ಆ ಕ್ಷಣ ಅವರೇ ಬಂದು ಕಿಟಕಿಯಲ್ಲಿ ಮುಖ ಇಟ್ಟಂತಾಯಿತು. ನನಗೆ ಬಹಳ ನಾಚಿಕೆಯಾಯಿತು. ನಾಚಿಕೆಯಾದಾಗ ನಾನು ಮಾಡುವ ಕೆಲಸ ಒಂದೇ, ಸಿಟ್ಟು ಮಾಡಿಕೊಂಡ ಹಾಗೆ ನಟಿಸುವುದು. "ನಡೀ, ನೋಡೇ ಬಿಡೋಣು" ಎಂದು ಗದರಿಸಿ ಗಾಡಿಯಲ್ಲಿ ಕೂತೆ.

ಚಿತ್ತಾಪುರದ ಮೇಲೆ ವಾಡಿಗೆ ಹೋಗಿ ಬಂದೆವು. ದಾರಿಯುದ್ದಕ್ಕೂ ರಸ್ತೆ ನೋಡದೆ ಅವನ ಕಾಲನ್ನೇ ನೋಡಿದೆ. ಖಾಜಾ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಓಡಿಸುವವನು. ಸಿಮೆಂಟ್ ಟ್ಯಾಂಕರುಗಳು ಎದುರು ಬಂದರೂ, ಎಮ್ಮೆ ಅಡ್ಡ ಬಂದರೂ ಅವನ ಬಲಗಾಲು ಬೇಕಾದಾಗ ಮಾತ್ರ ಬ್ರೇಕಿಗೆ ಬಂದು ಕೆಲಸ ಮುಗಿಸಿ ಹೋಗುತ್ತಿತ್ತು. ಅಂಥ ಸಭ್ಯ ಕಾಲನ್ನು ನಾನು ನೋಡಿರಲಿಲ್ಲ. ಸೇಡಂ ಮುಟ್ಟಿದ ಕೂಡಲೇ ಇಳಿದು ಎರಡೂ ಮುಂದಿನ ಗಾಲಿಗಳ ಸಂದಿನಿಂದ ಡಿಸ್ಕಿನ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿದೆ. ಎಡಗಡೆ ನೀರು ಇಳಿದು ಹೋಯಿತು. ಬಲಗಡೆ ಚುಂಯ್ ಎಂದಿತು. ಬಿಟ್ಟ ಮೇಲೂ ಬ್ರೇಕು ಆ ಗಾಲಿಯನ್ನು ಹಿಡಿದುಕೊಂಡೇ ಇತ್ತು.

ಈ ಸಲ ಎರಡೂ ಗಾಲಿ ಬಿಚ್ಚಿದೆ. ನಾಲ್ಕು ಪ್ಯಾಡನ್ನು ಪೇಪರಿನ ಮೇಲೆ ಇಟ್ಟೆ. ಮೂರು ಪ್ಯಾಡು ಸುಖವಾಗಿದ್ದವು, ಬಲದ ಒಳಗಿನದು ಬಡಕಲಾಗಿತ್ತು. ಬಲಗಡೆಯ ಕ್ಯಾಲಿಪರನ್ನು ಕೈಯಿಂದ ಜರುಗಿಸಿ ನೋಡಿದರೆ ಅಲ್ಲಾಡಲಿಲ್ಲ. ಸುತ್ತಿಗೆಯಿಂದ ತಟ್ಟಿ ಪಿನ್ನು ಎಳೆದಾಗ ಅದರ ಮೈಗೆ ಬಿಳಿ ಹಕ್ಕಳೆ ಅಂಟಿಕೊಂಡಿತ್ತು. ವಾಡಿಯ ಧೂಳು ಎಂದುಕೊಂಡೆ. ಆದರೆ ಅದೇ ಧೂಳು ಎಡಗಡೆ ಯಾಕಿಲ್ಲ? ಉಗುರಿನಿಂದ ಕೆರೆದು ಮೂಸಿದೆ. ಕಮಟು ಕೊಬ್ಬರಿಯ ವಾಸನೆ. ನಡುವೆ ಒಂದು ಕೆಂಪು ಗೆರೆ, ನೋಡಿದರೆ ಕುಂಕುಮ.

ಇನ್ನೂ ಒಂದು ಸಂಗತಿ ಕಂಡಿತು, ಅದನ್ನು ನಾನು ಖಾಜಾಗೆ ತೋರಿಸಲಿಲ್ಲ. ಪಿನ್ನಿನ ಬಾಯಿಗೆ ನೀರು, ಧೂಳು ಹೋಗದಂತೆ ಒಂದು ರಬ್ಬರ್ ಟೊಪ್ಪಿಗೆ ಇರುತ್ತದೆ. ಅದು ಹರಿದಿತ್ತು. ಹರಿದದ್ದು ಹೊಸದಲ್ಲ. ಒಂದು ವರ್ಷದ ಹಿಂದೆ, ಆ ಗಾಡಿಗೆ ಮೊದಲ ಸಲ ಪ್ಯಾಡು ಬದಲಿಸಿದಾಗ ಅದರ ಬಿರುಕನ್ನು ನಾನೇ ಕಂಡಿದ್ದೆ. ಹೊಸ ಟೊಪ್ಪಿಗೆ ತರಲು ಕಲಬುರಗಿಗೆ ಹೇಳಿ ಕಳಿಸಬೇಕಿತ್ತು. ಮುಂದಿನ ಸಲ ನೋಡೋಣ ಎಂದು ಹಾಗೇ ಕೂರಿಸಿದ್ದೆ. ಮುಂದಿನ ಎರಡು ಸಲವೂ ಮುಂದಿನ ಸಲ ಎಂದೇ ಅಂದಿದ್ದೆ. ಆ ಟೊಪ್ಪಿಗೆಯನ್ನು ಮೆಲ್ಲಗೆ ಜೇಬಿಗೆ ಇಳಿಸಿದೆ.

"ಖಾಜಾ, ಈ ಗಾಲಿಗಿ ಕಾಯಿನೀರು ಯಾರು ಹಾಕ್ತಾರೋ?" ಎಂದು ಕೇಳಿದೆ.

ಅವನು ಆಕಾಶ ನೋಡಿದ. "ನನಗ ಕೇಳಬ್ಯಾಡ್ರಿ. ನಾಡದು ಅಮಾಸಿ ಅದ. ಮುಂಜಾನಿ ಸಾವಕಾರ್ರ ಮನಿಗಿ ಬರ್ರಿ, ನೀವೇ ನೋಡ್ರಿ" ಎಂದ.

ಅಲ್ಲಿಯವರೆಗೆ ಗಾಡಿಯನ್ನು ತಾತ್ಕಾಲಿಕವಾಗಿ ಬೇರೆ ಪ್ಯಾಡು ಹಾಕಿ ಕೊಟ್ಟೆ. ಅಮಾವಾಸ್ಯೆ ಬೆಳಿಗ್ಗೆ ಹಳೆಯ ಪ್ಯಾಡನ್ನು ಪೇಪರಿನಲ್ಲಿ ಸುತ್ತಿಕೊಂಡು ಹೋದೆ. ನಮ್ಮ ಕಡೆ ಅಮಾವಾಸ್ಯೆಗೆ ಗಾಡಿ ತೊಳೆದು ಪೂಜೆ ಮಾಡಿ ಕಾಯಿ ಒಡೆಯುತ್ತಾರೆ. ಆ ದಿನ ದೂರ ಪಯಣ ಹೋಗುವುದಿಲ್ಲ. ಸಾವಕಾರರ ಮನೆಯಲ್ಲಿ ಪೂಜೆ ಮಾಡುವವರು ಅವರ ತಾಯಿ ಗುರಮ್ಮ ಆಯಿ. ಎಂಬತ್ತು ದಾಟಿದವರು, ಸಾವಕಾರರು ಜಗತ್ತಿನಲ್ಲಿ ಅಂಜುವ ಒಂದೇ ಜೀವ. ಆಯಿ ಮೂರು ಗಾಲಿಗೆ ಒಂದೊಂದು ಬೊಟ್ಟು ವಿಭೂತಿ, ಕುಂಕುಮ ಇಟ್ಟರು. ಬಲಗಡೆಯ ಮುಂದಿನ ಗಾಲಿಗೆ ಬಂದಾಗ, ಶುಭಕ್ಕೆ ಬಲವೇ ಮೊದಲು ಎಂದು, ಚೊಂಬಿನಲ್ಲಿ ವಿಭೂತಿ ಕಲಸಿದ ನೀರಿಗೆ ಕಾಯಿನೀರು ಬೆರೆಸಿ, ಸಂದುಗಳಲ್ಲಿ ಕೈ ತೂರಿಸಿ ತೂರಿಸಿ ಅಷ್ಟನ್ನೂ ಸುರಿದರು.

"ತಿಂಗಳಾನುಗಟ್ಲೆ ಓಡಿ ಓಡಿ ಕಾದಿರ್ತದ ಅದು. ಜರಾ ತಣ್ಣಗಾಗ್ಲಿ" ಎಂದರು.

ಆಮೇಲೆ ಗಾಡಿ ಇಡೀ ದಿನ ಬಿಸಿಲಲ್ಲಿ ನಿಂತು ಆ ನೀರನ್ನು ಒಣಗಿಸಿಕೊಳ್ಳುತ್ತದೆ. ಮರುದಿನ ಧೂಳಿಗೆ ಹೋಗುತ್ತದೆ. ನನಗೆ ಖುಷಿಯಾಯಿತು: ಕಾರಣ ಸಿಕ್ಕಿತು, ಖಾಜಾ ಉಳಿದ, ಜೇಬಿನ ಟೊಪ್ಪಿಗೆ ಜೇಬಿನಲ್ಲೇ ಇರಲಿ. ಗಂಟಲು ಸರಿಮಾಡಿಕೊಂಡು ದೊಡ್ಡ ಪಂಡಿತನ ಹಾಗೆ ಶುರು ಮಾಡಿದೆ.

"ಸಾವಕಾರ್ರೆ, ಖಾಜಾನ ಕಾಲಿಂದು ಏನೂ ತಪ್ಪಿಲ್ಲ. ಆಯಿ ಹಾಕೋ ನೀರು ಒಳಗ ಹೋಗಿ, ಧೂಳು ಕೂಡಿ, ಪಿನ್ನು ಹಿಡಕೊಳ್ಳಾಕತ್ತದ."

ಸಾವಕಾರರ ಮುಖ ಸಪ್ಪಗಾಯಿತು. "ಅಂದ್ರ ನಮ್ಮವ್ವನ ಪೂಜಾದಿಂದ ಬ್ರೇಕ್ ಕೆಡ್ತದ ಅಂತೀರೇನು?" ಎಂದರು. ಪಕ್ಕದ ಮನೆಯವರು ಬಟ್ಟೆ ಒಣಹಾಕುವುದನ್ನು ನಿಲ್ಲಿಸಿ ಕಿವಿ ಕೊಟ್ಟರು. ಖಾಜಾ ನೆಲ ನೋಡುತ್ತ ನಿಂತಿದ್ದ.

ಆಯಿ ಸಿಟ್ಟಾಗಲಿಲ್ಲ. ಮೆಟ್ಟಿಲ ಮೇಲೆ ಕೂತು ಪ್ಯಾಡನ್ನು ಕೇಳಿ ಇಸಿದುಕೊಂಡರು. ತಿರುಗಿಸಿ ತಿರುಗಿಸಿ ನೋಡಿದರು.

"ಇದರ ಹಿಂದಿನ ಗಾಡಿಗಿ ಭಿ ನಾನೇ ನೀರ ಹಾಕೀನಿ. ಹನ್ನೆರಡು ವರ್ಷ. ಅದರದೂ ಇಂಥಾದ್ದೇ ಬ್ರೇಕ್ ಇತ್ತೇನಪಾ?"

"ಹೌದ್ರಿ ಆಯಿ."

"ಅದು ಹಿಡಕೊಂಡಿತ್ತೇನು?"

"ಇಲ್ರಿ."

"ಅದಕ್ಕೂ ನೀನೇ ಮಿಸ್ತ್ರಿ ಇದ್ದಿ."

"ಹೌದ್ರಿ."

"ಮತ್ತ ಆಗ ಹೊರಗ ಇದ್ದ ನೀರು ಈಗ ಒಳಗ ಹ್ಯಾಂಗ ಹೋಗ್ಲಕತ್ತದ?"

ನಲವತ್ತು ವರ್ಷದಲ್ಲಿ ಯಾವ ಇಂಜಿನಿಯರೂ ನನಗೆ ಇಂಥ ಪ್ರಶ್ನೆ ಕೇಳಿರಲಿಲ್ಲ. ಈಗಿನ ಗಾಡಿಗಳ ಸಾಮಾನೇ ಹಗುರ ಎಂಬ ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ಗಿರಾಕಿಗಳೆಲ್ಲ ಅದನ್ನು ಕೇಳಿ ತಲೆದೂಗುತ್ತಾರೆ. ಆದರೆ ಈ ಮುದುಕಿ ತಲೆದೂಗುವವರಲ್ಲ. ಅವರು ಇನ್ನೊಂದು ಪ್ರಶ್ನೆ ಕೇಳುತ್ತಾರೆ, ನನ್ನ ಮಾತು ಬಿದ್ದುಹೋಗುತ್ತದೆ, ಬಿದ್ದ ಮೇಲೆ ಸಾವಕಾರರು ತಿರುಗಿ ಖಾಜಾನ ಕಾಲನ್ನೇ ನೋಡುತ್ತಾರೆ. ಜೇಬಿಗೆ ಕೈ ಹಾಕಿ ಹರಿದ ಟೊಪ್ಪಿಗೆ ತೆಗೆದು ಆಯಿಯ ಅಂಗೈಯಲ್ಲಿ ಇಟ್ಟೆ.

"ನೀರು ಹೋಗಬಾರದಂತ ಅಲ್ಲಿ ಇದು ಇರ್ತದ್ರಿ. ಹರದಿತ್ತು. ನಾ ನೋಡೀನಿ. ನೋಡಿ ಹಂಗೇ ಹಾಕೀನಿ."

"ಯಾವಾಗ?"

"ಮೊದಲ್ನೇ ಸಲನೇ."

ಸಾವಕಾರರು ನಡುವೆ ಬಾಯಿ ಹಾಕಿದರು. "ಮತ್ತ ಡ್ರೈವರ್ ಕಾಲು ಅಂತ ಹೇಳಿದ್ರಲ್ರಿ?"

"ಸುಳ್ಳ ಹೇಳೀನ್ರಿ. ನಂಗ ಗೊತ್ತಾಗಿರ್ಲಿಲ್ಲ, ಗೊತ್ತಿಲ್ಲ ಅನ್ನಾಕ ನಾಚಿಕಿ ಆಯ್ತು."

ಆಯಿ ಖಾಜಾನ ಕಡೆ ತಿರುಗಿದರು. "ನೀರಿಂದು ನಿನಗ ಗೊತ್ತಿತ್ತೇನೋ?"

"ಸಂಶಯ ಇತ್ರಿ ಆಯಿ."

"ಮತ್ತ ಹೇಳಬೇಕೋ ಬ್ಯಾಡೋ?"

"ಹ್ಯಾಂಗ ಹೇಳ್ಲಿ ಆಯಿ? ನಿಮ್ಮ ಪೂಜಾಕ ನಾ ಅಡ್ಡ ಬಂದಂಗ ಆಗ್ತದ."

"ಕೆಲಸ ಹೋದ್ರೂ ಬಾಯಿ ಬಿಡ್ತಿದ್ದಿಲ್ಲೇನು?"

ಆಯಿ ಸೆರಗಿನಿಂದ ಕಣ್ಣು ಒರೆಸಿಕೊಂಡರು. ನಾನು ಅಲ್ಲಿಯವರೆಗೆ ಇದನ್ನೆಲ್ಲ ಪ್ಯಾಡಿನ ಲೆಕ್ಕದಲ್ಲೇ ನೋಡುತ್ತಿದ್ದೆ. ನನ್ನ ಒಂದು ಊಟದ ಅವಸರಕ್ಕೆ ಈ ಮನುಷ್ಯ ನಾಲ್ಕು ದಿನ ಬಾಯಿ ಕಟ್ಟಿಕೊಂಡು ನಿಂತಿದ್ದನಲ್ಲ ಎಂದು ಆಗ ಸಂಕಟವಾಯಿತು.

ಸಾವಕಾರರಿಗೆ ತಪ್ಪಾಯಿತು ಎನ್ನುವ ರೂಢಿ ಇರಲಿಲ್ಲ. ಕೆಮ್ಮಿ, ಪಂಚೆ ಸರಿಮಾಡಿಕೊಂಡು, "ಖಾಜಾ, ನಾಳಿ ಚಿಂಚೋಳಿಗಿ ಹೋಗೋದದ. ಮುಂದಿನ ತಿಂಗಳ ಭಿ ಹೋಗೋದದ. ಏಳಕ್ಕ ಬಾ" ಎಂದರು.

"ಆರೂವರಿಗೇ ಬರ್ತೀನ್ರಿ" ಎಂದ ಖಾಜಾ.

ಹೊರಗೆ ಬಂದ ಮೇಲೆ ಅವನು ನನ್ನ ಹೆಗಲ ಮೇಲೆ ಕೈ ಇಟ್ಟ. "ಮಿಸ್ತ್ರಿ, ಮನ್ಯಾಗ ಹೇಳಿದ್ದು ಸ್ಟ್ಯಾಂಡಿನಾಗ ಭಿ ಒಂದು ಸಲ ಹೇಳಿಬಿಡ್ರಿ." ಹೋಗಿ ಹೇಳಿದೆ. ಡ್ರೈವರುಗಳು ಕೇಳಿಸಲಿಲ್ಲ ಎಂದು ಮೂರು ಸಲ ಹೇಳಿಸಿದರು. ಮೂರನೇ ಸಲ ಒಬ್ಬ ಮೊಬೈಲಿನಲ್ಲಿ ವಿಡಿಯೊ ಹಿಡಿದುಕೊಂಡ. ನಾನು ಮನೆಗೆ ಬರುವಷ್ಟರಲ್ಲಿ ವಾಡಿಯಿಂದ ನನ್ನ ಷಡ್ಡಕ ಫೋನ್ ಮಾಡಿ ನಗುತ್ತಿದ್ದ.

ಗಾಡಿಯ ಕೆಲಸ ಅರ್ಧ ದಿನದ್ದು. ಪಿನ್ನು, ಅದರ ತೂತು, ಪ್ಯಾಡು ಕೂರುವ ಚೌಕಟ್ಟು ಎಲ್ಲವನ್ನೂ ತಂತಿ ಬ್ರಶ್ಶಿನಿಂದ ಉಜ್ಜಿ, ಬ್ರೇಕಿಗೆಂದೇ ಬರುವ ಗ್ರೀಸು ಹಚ್ಚಿ, ಹೊಸ ಟೊಪ್ಪಿಗೆ ಹಾಕಿದೆ. ಕ್ಯಾಲಿಪರ್ ಒಂದೇ ಬೆರಳಿಗೆ ಜಾರಬೇಕು, ಜಾರಿತು. ಪ್ಯಾಡನ್ನು ಎರಡೂ ಗಾಲಿಗೆ ಜೋಡಿಯಾಗಿಯೇ ಬದಲಿಸಿದೆ. ಒಂದು ಕಡೆ ಹೊಸದು, ಒಂದು ಕಡೆ ಹಳೆಯದು ಹಾಕಿದರೆ ಗಾಡಿ ಬ್ರೇಕಿನಲ್ಲಿ ಒಂದೇ ಮಗ್ಗುಲಿಗೆ ಎಳೆಯುತ್ತದೆ. ಪೆಡಲ್ ಒತ್ತಿದೆ, ಐವತ್ತಲ್ಲ, ಐದು ಸಲ. ಕಟ್ಟೆಯ ಮೇಲೆ ಕೂರುವವರಿಗೆ ನಾನು ಹೇಳುವುದು ಇಷ್ಟು: ಗೊತ್ತಿಲ್ಲ ಎಂದರೆ ಗಿರಾಕಿ ಒಂದು ದಿನ ಸಿಟ್ಟಾಗಬಹುದು, ಆಗಲಿ. ಎರಡೂ ಗಾಲಿ ಬಿಚ್ಚಿರಿ.

ತೀರ್ಪು ಮಾತ್ರ ಬಾಕಿ ಇತ್ತು. ಆಯಿ ಅದನ್ನು ಮರುದಿನ ಹೇಳಿ ಕಳಿಸಿದರು. ಪೂಜೆ ತಾವು ಬಿಡುವುದಿಲ್ಲ, ನೀರೂ ಹಾಕುತ್ತಾರೆ. ಆದರೆ ತಪ್ಪು ಮಿಸ್ತ್ರಿಯದು. ಆದ್ದರಿಂದ ಪ್ರತಿ ಅಮಾವಾಸ್ಯೆ ಪೂಜೆಯಾದ ಮೇಲೆ ಮಿಸ್ತ್ರಿಯೇ ಬಂದು ಆ ಗಾಲಿಯನ್ನು ಶುದ್ಧ ನೀರಿನಿಂದ ತೊಳೆದು ಹೋಗಬೇಕು.

ಗ್ಯಾರೇಜ್ ಮುಚ್ಚುವವರೆಗೂ ತೊಳೆದೆ. ಊರಿಗೆಲ್ಲ ಬಿಡುವಿರುವ ದಿನ ನಾನು ಪೈಪ್ ಹಿಡಿದು ಬಲಗಾಲಿಯ ಮುಂದೆ ಕುಕ್ಕರಗಾಲಲ್ಲಿ ಕೂತಿರುತ್ತಿದ್ದೆ. ಆಯಿ ಈಗ ಕಾಯಿನೀರಿನಲ್ಲಿ ಅರ್ಧ ಮಾತ್ರ ಗಾಲಿಗೆ ಹಾಕಿ ಅರ್ಧವನ್ನು ಲೋಟದಲ್ಲಿ ಖಾಜಾಗೆ ಕೊಡುತ್ತಿದ್ದರು. ಅವನು ಮೆಟ್ಟಿಲ ಮೇಲೆ ಕೂತು ಒಂದೊಂದೇ ಗುಟುಕು ಕುಡಿಯುತ್ತ, ತನ್ನ ಆ ಬರಿಗಾಲನ್ನು ಉದ್ದಕ್ಕೆ ಚಾಚಿ ಹೆಬ್ಬೆರಳಿನಿಂದ ತೋರಿಸುತ್ತಿದ್ದ.

"ಇಲ್ಲಿ ಜರಾ ಉಳದದ ನೋಡ್ರಿ, ಮಿಸ್ತ್ರಿ."

ನಾನು ಮತ್ತೆ ತೊಳೆಯುತ್ತಿದ್ದೆ.